ಅಂಟುಮಾವನ ಕಟ್ಟುಕಥೆ

ಪದವಿ ಪ್ರದಾನದ ಸಭಾಂಗಣಕ್ಕೆ ದೊಡ್ಡ ಲೇಖಕರು ಬಂದಾಗ ಎಲ್ಲರೂ ಎದ್ದು ನಿಂತರು. ನಮ್ಮ ಅಂಟುಮಾವನೂ ಎದ್ದರು. ಅವರ ಜೊತೆಗೆ ಆ ಲೇಖಕರ ಕಾದಂಬರಿಯೂ ಎದ್ದಿತು. ತೊಡೆಯ ಮೇಲಿದ್ದ ಪುಸ್ತಕ ಪ್ಯಾಂಟಿಗೆ ಅಂಟಿಕೊಂಡು, ಮಾವ ಚಪ್ಪಾಳೆ ತಟ್ಟಿದಾಗಲೆಲ್ಲ ತಾಳಕ್ಕೆ ತಕ್ಕಂತೆ ತೂಗಾಡಿತು.

"ರೀ, ನಿಮ್ಮದೇನೋ ನೇತಾಡ್ತಿದೆ," ಎಂದರು ಹಿಂದಿನ ಸಾಲಿನ ಹೆಂಗಸು.

"ಸಾಹಿತ್ಯ ಕಣಮ್ಮ," ಎಂದು ಮಾವ ಗಪ್ಪನೆ ಕೂತುಬಿಟ್ಟರು.

ತಪ್ಪು ಮೈದಾ ಅಂಟಿನದು. ಅಂಟುಮಾವ ಪುಸ್ತಕಗಳಿಗೆ ಬೈಂಡು ಹಾಕುವವರು. ಮೂವತ್ತೆರಡು ವರ್ಷದಿಂದ ಅದೇ ಕೋಣೆ, ಅದೇ ದಬ್ಬಳ, ಅದೇ ಅಂಟಿನ ಡಬ್ಬಿ. ಬೆರಳ ಸಂದಿಯಲ್ಲಿ ಒಣಗಿದ ಅಂಟಿಲ್ಲದೆ ಅವರನ್ನು ಕಂಡವರಿಲ್ಲ. ಊರಿನ ಅರ್ಧ ಪುಸ್ತಕಗಳ ಬೆನ್ನು ತಟ್ಟಿದ ಅವರ ಬೆನ್ನನ್ನು ಮಾತ್ರ ಯಾರೂ ತಟ್ಟಿರಲಿಲ್ಲ. ಲೇಖಕರ ಸಹಿ ಹಾಕಿಸಬೇಕೆಂದು ಅಂದು ಬೆಳಿಗ್ಗೆಯೇ ಆ ಕಾದಂಬರಿಗೆ ಹೊಸ ರಟ್ಟು ಕಟ್ಟಿದ್ದರು. ಒಣಗೋಕೆ ಒಂದು ದಿನ ಬೇಕು ಎಂದು ಗಿರಾಕಿಗಳ ಮೇಲೆ ಹಾರಾಡುವವರು, ತಮಗೆ ಎರಡು ಗಂಟೆ ಸಾಕೆಂದುಕೊಂಡರು.

ಕಸುಬು ಕಲಿತ ಮೊದಲ ವರ್ಷ ಗ್ರಂಥಾಲಯದಿಂದ ಈ ಕಾದಂಬರಿಯ ಹರಿದ ಹನ್ನೆರಡು ಪ್ರತಿಗಳು ರಿಪೇರಿಗೆ ಬಂದಿದ್ದವು. ತೀರಾ ಚಿಂದಿಯಾಗಿದ್ದ ಒಂದನ್ನು ನೀನೇ ಇಟ್ಕೋ ಎಂದಿದ್ದರು ಗ್ರಂಥಾಲಯದವರು. ಮಾವ ಅದನ್ನು ಬಿಚ್ಚಿ, ಹೊಲಿದು, ಓದಿದರು. ಅವರ ಅಮ್ಮ ತೀರಿಕೊಂಡು ಆಗಿನ್ನೂ ಎರಡು ತಿಂಗಳು. ಕಾದಂಬರಿಯ ನಡುವೆ ಅಜ್ಜಿಯೊಬ್ಬಳು ಸಾಯುತ್ತಾಳೆ. ಪುಟ ತಿರುಗಿಸಿದರೆ ಅದೇ ಅಜ್ಜಿ ಸಕ್ಕರೆ ಡಬ್ಬಿ ಯಾರು ಮುಚ್ಚಿಟ್ಟಿರಿ ಎಂದು ಮನೆಯನ್ನೇ ತಲೆ ಮೇಲೆ ಹೊತ್ತುಕೊಂಡು ನಿಂತಿದ್ದಾಳೆ. ಹದಿನಾರು ಪುಟ ಗದ್ದಲ ಮಾಡಿ, ಆಮೇಲೆ ಸದ್ದಿಲ್ಲದೆ ಇಲ್ಲವಾಗುತ್ತಾಳೆ. ಸತ್ತವರು ಹೀಗೇ ಅಲ್ಲವೇ ಬಂದುಹೋಗುವುದು ಎಂದು ಮಾವ ಅಂಟಿನ ಕೈಯಲ್ಲೇ ಕಣ್ಣೊರೆಸಿಕೊಂಡರು. ರೆಪ್ಪೆ ಬಿಡಿಸಲು ಬಿಸಿನೀರು ಬೇಕಾಯಿತು. ಅಂದಿನಿಂದ ಅವರ ಪಾಲಿಗೆ ಲೇಖಕರೆಂದರೆ ಇವರೊಬ್ಬರೇ.

ಮಗಳು ಪಶುವೈದ್ಯ ಓದಿದವಳು. ಪದವಿ ಪತ್ರ ಅಂಚೆಯಲ್ಲಿ ತರಿಸಿಕೊಂಡರಾಯಿತು ಎಂದು ಆ ದಿನ ಗೆಳತಿಯರ ಜೊತೆ ಸಮುದ್ರ ನೋಡಲು ಹೊರಟಿದ್ದಳು. ಭಾಷಣಕ್ಕೆ ಬರುವವರು ಯಾರೆಂದು ತಿಳಿದದ್ದೇ ತಡ, ಮಾವ ಅಡ್ಡ ನಿಂತರು.

"ಸಮುದ್ರ ಎಲ್ಲೂ ಹೋಗಲ್ಲ ಮಗಳೇ. ಅವರ ಒಂದು ಮಾತು ಕೇಳು, ನಿನ್ನ ಐದು ವರ್ಷದ ಓದಿಗೆ ಸಮ."

"ಅಪ್ಪ, ನೀನು ಪುಸ್ತಕದ ಬೆನ್ನು ನೋಡಿ ಮೆಚ್ಚೋನು. ಭಾಷಣ ಸಪ್ಪೆಯಾದ್ರೆ?"

"ಆದ್ರೆ ಇನ್ಮೇಲೆ ಅವರ ಸುದ್ದಿ ಈ ಮನೇಲಿ ಎತ್ತಲ್ಲ. ಸರಿನಾ?"

ಇಷ್ಟನ್ನು ಪಣಕ್ಕಿಟ್ಟು ಅವರು ನಾಲ್ಕನೇ ಸಾಲಿನಲ್ಲಿ, ಅಂಟಿಕೊಂಡು, ಕೂತಿದ್ದರು.

ಲೇಖಕರು ಕಾಗದ ತೆಗೆದರು. ಮೂಲೆಯಲ್ಲಿ ಪಿನ್ನಿನ ತುಕ್ಕು, ಮಡಿಕೆಯಲ್ಲಿ ಹಳದಿ ಗೆರೆ. ಹತ್ತು ವರ್ಷದ ಹಳೇ ಕಾಗದ ಎಂದು ಮಾವನ ಕಣ್ಣು ಅಲ್ಲಿಂದಲೇ ಅಳೆಯಿತು, ಬಾಯಿಗೆ ಮಾತ್ರ ಹೇಳಲಿಲ್ಲ. ಬೇಗ ಏಳಿ, ನೀರು ಚೆನ್ನಾಗಿ ಕುಡಿಯಿರಿ ಎಂದರು ಲೇಖಕರು. ಇರಲಿ, ಪೀಠಿಕೆ, ಎಂದುಕೊಂಡರು ಮಾವ.

"ಯುವ ವೈದ್ಯರೇ, ನಿಮ್ಮ ರೋಗಿ ಹೇಳುವುದನ್ನು ಮೊದಲು ಕಿವಿಗೊಟ್ಟು ಕೇಳಿ. ಮನಬಿಚ್ಚಿ ಮಾತಾಡಿದರೆ ಅರ್ಧ ರೋಗ ವಾಸಿ!"

ಪದವೀಧರರ ಸಾಲಿನಿಂದ ಯಾರೋ "ಅಂಬಾ" ಎಂದರು. ಇನ್ನೊಬ್ಬರು ಬೊಗಳಿ ಉತ್ತರ ಕೊಟ್ಟರು. ಕಪ್ಪು ನಿಲುವಂಗಿಯ ಮಗಳು ಹಿಂತಿರುಗಿ ಅಪ್ಪನತ್ತ ನೋಡಿದಳು. ನಗು ತಡೆದು ಕೆನ್ನೆ ಊದಿತ್ತು. ಮಾವ ಚಾವಣಿಯ ಫ್ಯಾನು ಎಣಿಸತೊಡಗಿದರು.

"ಕೊನೆಯ ಮಾತು. ಬದುಕನ್ನು ಕ್ರಮವಾಗಿ ಬಾಳಿ. ನನ್ನ ಯಾವ ಕಥೆಯನ್ನೂ ನಾನು ಹಿಂದುಮುಂದು ಮಾಡಿದವನಲ್ಲ. ಹುಟ್ಟು ಮೊದಲು, ಸಾವು ಆಮೇಲೆ."

ನೀರು ಕುಡಿಯಲು ಹೇಳಿದ್ದನ್ನು ಮಾವ ಹೇಗೋ ನುಂಗಿಕೊಂಡಿದ್ದರು. ಇದು ಗಂಟಲಲ್ಲೇ ನಿಂತಿತು. ಸಹಿಗೆ ಸಾಲು ನಿಲ್ಲದೆ, ಕೈಚೀಲ ಅಡ್ಡ ಹಿಡಿದು ಹೊರಗೆ ಬಂದು ಕಟ್ಟೆಯ ಮೇಲೆ ಕೂತರು.

ಮಗಳು ಪದವಿ ಪತ್ರ ಬೀಸುತ್ತಾ ಬಂದಳು. "ಐದು ವರ್ಷದಲ್ಲಿ ಇಷ್ಟು ನಕ್ಕಿರಲಿಲ್ಲ ಅಪ್ಪ! ಸಮುದ್ರಕ್ಕೆ ಹೋಗದೇ ಇದ್ದದ್ದೇ ಒಳ್ಳೇದಾಯ್ತು."

"ನಗು ನೀನು. ಆ ಮನುಷ್ಯ ತಾನು ಬರೆದದ್ದನ್ನೇ ಮರೆತಿದ್ದಾನೆ. ಅಜ್ಜಿ ಸತ್ತು ವಾಪಸ್ ಬರೋದನ್ನ ಹೆಂಗೆ ಮರೀತಾನೆ?" ಮೂವತ್ತೆರಡು ವರ್ಷದ ಬಹುವಚನ ಒಂದೇ ಉಸಿರಿಗೆ ಏಕವಚನವಾಗಿತ್ತು.

ಅವಳು ನಗು ನಿಲ್ಲಿಸಿ, "ಎಲ್ಲಿ, ತೋರಿಸು," ಎಂದಳು. ತೋರಿಸಲು ಪುಸ್ತಕ ಬರಬೇಕಲ್ಲ! ಹಸುವಿನ ಮೈಯಿಂದ ಉಣ್ಣೆಹುಳು ಕೀಳುವ ಹಾಗೆ ಒಂದು ಕೈಯಲ್ಲಿ ಬಟ್ಟೆ ಒತ್ತಿ ಹಿಡಿದು, ಇನ್ನೊಂದರಲ್ಲಿ ಮೆಲ್ಲಗೆ ತಿರುವಿ ಬಿಡಿಸಿದಳು. ಅಜ್ಜಿ ಸಾಯುವ ಪುಟದ ಹಿಂದೆ ಮುಂದೆ ನೋಡಿದಳು. ಹುಬ್ಬು ಮೇಲೇರಿತು.

"ಅಪ್ಪ, ಎಂಬತ್ತನೇ ಪುಟ ಆದ್ಮೇಲೆ ತೊಂಬತ್ತೇಳು ಇದೆ. ನೂರಹನ್ನೆರಡು ಆದ್ಮೇಲೆ ಎಂಬತ್ತೊಂದು!"

ಮಾವ ಪುಸ್ತಕ ಕಿತ್ತುಕೊಂಡು ಹೆಬ್ಬೆರಳಲ್ಲಿ ಹೊಲಿಗೆ ತಡವಿದರು. ಹದಿನಾರು ಹದಿನಾರು ಪುಟದ ಎರಡು ಕಟ್ಟು ಅದಲು ಬದಲು. ಹೊಲಿಗೆ ಅವರದೇ, ಕಲಿಯುವ ಕಾಲದ ವಕ್ರ ಟಾಕು. ಪುಟದ ಅಂಕಿ ನೋಡುವುದು ಕೆಲಸದ ಹೊತ್ತಿನಲ್ಲಿ. ಅಳುತ್ತಾ ಓದುವವರು ಅಂಕಿ ನೋಡುತ್ತಾರೆಯೇ?

ಅಜ್ಜಿಯನ್ನು ಕೊಂದವರು ಲೇಖಕರು. ವಾಪಸ್ ಕರೆತಂದವರು ಅಂಟುಮಾವ. ಕಟ್ಟುಕಥೆ ಎಂದರೆ ಇದು!

ಮಗಳು ಕಟ್ಟೆಯ ಮೇಲೆ ಕೂತು ಆ ಮೂವತ್ತೆರಡು ಪುಟಗಳನ್ನೂ ಅಪ್ಪ ಕಟ್ಟಿದ ಕ್ರಮದಲ್ಲೇ ಓದಿದಳು. ಸಕ್ಕರೆ ಡಬ್ಬಿಯ ಹತ್ತಿರ ನಕ್ಕಳು, ಆಮೇಲೆ ಪುಸ್ತಕ ಮೆಲ್ಲಗೆ ಮುಚ್ಚಿದಳು.

"ಇದೇ ಚೆನ್ನಾಗಿದೆ ಅಪ್ಪ. ನಿಜವಾಗ್ಲೂ," ಎಂದು ಅವರ ಬೆನ್ನು ತಟ್ಟಿದಳು. "ಈಗ ಹೇಳು, ದೊಡ್ಡ ಲೇಖಕರು ಯಾರು? ಅವರಾ, ನೀನಾ?"

ಮಾವ ಅತ್ತ ಇತ್ತ ನೋಡಿ, ದನಿ ತಗ್ಗಿಸಿದರು.

"ಮೆಲ್ಲಗೆ ಮಾತಾಡು ಮಾರಾಯ್ತಿ. ಗ್ರಂಥಾಲಯದ ಹನ್ನೊಂದು ಪ್ರತೀನೂ ಇದನ್ನ ನೋಡ್ಕೊಂಡೇ ಕಟ್ಟಿದ್ದು."