ಇಪ್ಪತ್ತೆರಡು ಖಾಲಿ ಕಾರ್ಡುಗಳು

ನೆಲದ ಮೇಲೆ ಬಿದ್ದ ಕಾಗದವನ್ನು ಖತೀಜಾ ಎಂದೂ ತುಳಿದವಳಲ್ಲ. ಗ್ರೋಸರಿ ಅಂಗಡಿಯ ರಸೀದಿಯಾದರೂ ಸರಿ, ಬಗ್ಗಿ ಎತ್ತಿ, ಎತ್ತರದ ಜಾಗದಲ್ಲಿಟ್ಟೇ ಮುಂದೆ ಹೋಗುತ್ತಿದ್ದಳು. ಅವಳ ತಂದೆಗೆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ ಇತ್ತು. ಯಾವ ಚೂರಿನಲ್ಲಿ ದೇವರ ಹೆಸರಿರುತ್ತದೋ ಎಂದು ಅವರು ಸಂಜೆ ಅಂಗಡಿಯ ನೆಲವನ್ನು ಕಸಬರಿಕೆಯಿಂದ ಗುಡಿಸದೆ ಕೈಯಿಂದಲೇ ಆರಿಸುತ್ತಿದ್ದರಂತೆ. ಅವರ ಜೊತೆ ಕೂತು ಕಲಿತ ಮಗಳು ಕಾಗದ ಎಷ್ಟು ದಪ್ಪ, ಎಲ್ಲಿ ಸವೆದಿದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ಹೇಳುತ್ತಿದ್ದಳು.

ಅಮೆರಿಕದಲ್ಲಿ, ಮಾರ್ಗನ್ ಹಿಲ್ ದಾಟಿದ ಮೇಲೆ ಸಿಗುವ ಚಿಕ್ಕ ಊರಿನಲ್ಲಿ ನಾವಿಬ್ಬರೂ ಒಂದೇ ಬೀದಿಯವರು. ನಾನು ಹಾಸನದ ಕಡೆಯವಳು. ಅವಳಿಗಿಂತ ಹತ್ತು ವರ್ಷ ದೊಡ್ಡವಳಾದ್ದರಿಂದ ನನ್ನನ್ನು ಭದ್ರಕ್ಕ ಎನ್ನುತ್ತಿದ್ದಳು. ಅವಳ ಗಂಡ ದಾವೂದ್ ದಿನವೂ ಫ್ರೀವೇ ಹಿಡಿದು ಪಾಲೋ ಆಲ್ಟೋದ ಕಂಪನಿಯೊಂದಕ್ಕೆ ಹೋಗಿಬರುತ್ತಿದ್ದ. ಏಪ್ರಿಕಾಟ್ ತೋಟದ ಅಂಚಿನ ಹಳೆಯ ಮರದ ಮನೆಯಲ್ಲಿ ಅವರು ಬಾಡಿಗೆಗಿದ್ದರು. ಮಗಳು ರಮ್ಶಾ ಹುಟ್ಟಿದ್ದೂ ಆ ಮನೆಯಲ್ಲಿದ್ದಾಗಲೇ.

ತೊಂಬತ್ತೆಂಟರಲ್ಲಿ ತೋಟದ ಯಜಮಾನ ಆ ಜಾಗವನ್ನು ಆಫೀಸು ಕಟ್ಟುವವರಿಗೆ ಕೊಡಲು ಒಪ್ಪಿದ. ತೋಟದ ಜೊತೆ ಮನೆಯೂ ಹೋಗುತ್ತಿತ್ತು. ತಡೆಯಲು ಉಳಿದಿದ್ದ ದಾರಿ ಒಂದೇ. ಆ ನವೆಂಬರಿನಲ್ಲಿ ರಾಜ್ಯದ ಚುನಾವಣೆಯ ಜೊತೆಗೇ ನಮ್ಮ ಊರಿನವರಿಗೆ ಒಂದು ಪ್ರಶ್ನೆಯನ್ನೂ ಮತಕ್ಕೆ ಹಾಕಿದ್ದರು. ಹತ್ತು ವರ್ಷ ತೋಟಗಳಲ್ಲಿ ಕಟ್ಟಡ ಕಟ್ಟಬಾರದೇ? ಯೆಸ್ ಅಥವಾ ನೋ. ಯೆಸ್ ಗೆದ್ದರೆ ಮನೆ ಉಳಿಯುತ್ತಿತ್ತು.

ಮತ ಹಾಕುವುದು ರಟ್ಟಿನಂಥ ಉದ್ದ ಕಾರ್ಡಿನ ಮೇಲೆ. ಮೊಳೆಯಂಥ ಕಡ್ಡಿಯಿಂದ ನಮಗೆ ಬೇಕಾದ ಜಾಗದಲ್ಲಿ ಚುಚ್ಚಿದರೆ ಸಾಸಿವೆಯಷ್ಟು ಅಗಲದ ಚೂರು ಉದುರಿ ತೂತಾಗುತ್ತಿತ್ತು. ಆ ತೂತೇ ಮತ. ಎಣಿಸುವುದು ಯಂತ್ರ.

ಊರಿಗೆಲ್ಲ ಸೇರಿ ಯೆಸ್ ನಾಲ್ಕು ಮತಗಳಿಂದ ಸೋತಿತೆಂದು ಯಂತ್ರ ಹೇಳಿತು. ನಮ್ಮ ಬೀದಿಯ ವಯಸ್ಸಾದ ರೈತನೊಬ್ಬ ಅದನ್ನು ಒಪ್ಪಲಿಲ್ಲ. ನಮ್ಮ ಪೆಟ್ಟಿಗೆಯಲ್ಲಿ ನಾನೂರು ಕಾರ್ಡುಗಳಿದ್ದವು. ರಾಜ್ಯದ ಶಾಸನಸಭೆಯ ಸ್ಥಾನಕ್ಕೆ ಮುನ್ನೂರ ತೊಂಬತ್ತೆಂಟು ಮತ ಬಿದ್ದಿದ್ದವು. ತೋಟದ ಪ್ರಶ್ನೆಗೆ ಮಾತ್ರ ಮುನ್ನೂರ ಎಪ್ಪತ್ತೆಂಟು. ಉಳಿದ ಇಪ್ಪತ್ತೆರಡು ಜನ ಎದುರಿಗಿರುವ ತೋಟದ ವಿಷಯದಲ್ಲೇ ಬಾಯಿ ಮುಚ್ಚಿಕೊಂಡರೇ? ಎರಡು ಲೆಕ್ಕವನ್ನೂ ಕೈಯಿಂದ ಎಣಿಸಿ ಎಂದು ಅವನು ಅರ್ಜಿ ಕೊಟ್ಟ.

ಎಣಿಸುವ ತಾತ್ಕಾಲಿಕ ಕೆಲಸಕ್ಕೆ ನಾವಿಬ್ಬರೂ ಮೊದಲೇ ಹೆಸರು ಕೊಟ್ಟಿದ್ದೆವು. ಬಲಗೈ ಎತ್ತಿ ಪ್ರಮಾಣ ಮಾಡಿಸಿದರು. ಎಲ್ಲರೂ ಕೈ ಇಳಿಸಿದ ಮೇಲೂ ಖತೀಜಾಳ ಕೈ ಮೇಲೆಯೇ ಇತ್ತು.

"ಬರೀ ಪದ್ಧತಿ ಕಣೇ," ಎಂದೆ.

"ನಿಮಗೆ ಪದ್ಧತಿ ಭದ್ರಕ್ಕ. ನಾನು ಅಲ್ಲಾನ ಹೆಸರು ತಗೊಂಡುಬಿಟ್ಟೆ."

ಕಿಟಕಿಯಿಲ್ಲದ ನೆಲಮಾಳಿಗೆ. ಟ್ಯೂಬ್‌ಲೈಟಿನ ಗುಂಯ್ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಒಂದು ಮೇಜಿಗೆ ನಾಲ್ವರು. ಖತೀಜಾ ಒಂದೊಂದೇ ಕಾರ್ಡನ್ನು ಬೆಳಕಿಗೆ ಹಿಡಿದು ಕೂಗಬೇಕು. ಪಕ್ಕದ ಅಮೆರಿಕನ್ ಹೆಂಗಸು ಅದನ್ನು ನೋಡಬೇಕು. ನಾನೂ ಇನ್ನೊಬ್ಬಳೂ ಗೀಟು ಎಳೆಯಬೇಕು. "ಯೆಸ್. ನೋ. ನೋ. ಬ್ಲಾಂಕ್." ಖಾಲಿ ಕಾರ್ಡು ಬಂದಾಗ ಅವಳ ದನಿ ತಾನಾಗಿ ತಗ್ಗುತ್ತಿತ್ತು, ಮಲಗಿದವರ ಕೋಣೆಯಲ್ಲಿ ಮಾತಾಡುವಂತೆ.

ಮೊದಲ ದಿನ ಖಾಲಿ ಇಪ್ಪತ್ತಾಯಿತು. ಯೆಸ್ ಎರಡು ಏರಿತ್ತು. ಯಂತ್ರದ ತಪ್ಪೋ ನಮ್ಮದೋ ತಿಳಿಯಲೆಂದು ಮರುದಿನ ಮತ್ತೆ ಎಣಿಸಿದೆವು. ಖಾಲಿ ಹದಿನೇಳು. ಯೆಸ್ ಇನ್ನೂ ಮೂರು ಏರಿತು. ಶಾಸನಸಭೆಯ ಮತ ಎರಡು ಸಲವೂ ಮುನ್ನೂರ ತೊಂಬತ್ತೆಂಟೇ, ಒಂದೂ ಅಲುಗಲಿಲ್ಲ. ನೋ ಕೂಡ ಅಲುಗಲಿಲ್ಲ. ಸುಮ್ಮನಿದ್ದವರು ಒಬ್ಬೊಬ್ಬರಾಗಿ ಬಾಯಿ ಬಿಡುತ್ತಿದ್ದರು, ಅದೂ ಒಂದೇ ಮಾತು. ನನ್ನ ಪಕ್ಕದವಳು ಗೀಟುಗಳನ್ನು ಮೂರು ಸಲ ಕೂಡಿದಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಐದು ಮತ ಏರಿದ ಮೇಲೆ ಊರಿನ ಲೆಕ್ಕದಲ್ಲಿ ಯೆಸ್ ಒಂದು ಮತದಿಂದ ಮುಂದಿತ್ತು. ಮೂರನೆಯ ದಿನವೂ ಹೀಗೆಯೇ ಬಂದರೆ ಅದೇ ಕೊನೆಯ ಲೆಕ್ಕ ಎಂದು ಮೇಲ್ವಿಚಾರಕಿ ಹೇಳಿದರು.

ಆ ಸಂಜೆ ದಾವೂದ್ ನಮ್ಮನ್ನು ಕರೆದೊಯ್ಯಲು ಬಂದಿದ್ದ. ಹಿಂದಿನ ಸೀಟಿನಿಂದ ರಮ್ಶಾ, "ಆರ್ ವಿ ಮೂವಿಂಗ್, ಅಮ್ಮೀ?" ಎಂದಳು.

"ನಿಮ್ಮಮ್ಮನ್ನೇ ಕೇಳು ಬೇಟಾ. ಮನೆ ಉಳಿಸೋದು ಬಿಡೋದು ಈಗ ಅವಳ ಕೈಯಲ್ಲೇ ಇರೋದು," ಎಂದು ದಾವೂದ್ ನಕ್ಕ.

ಖತೀಜಾ ನಗಲಿಲ್ಲ. ಮಡಿಲಲ್ಲಿದ್ದ ತನ್ನ ಕೈಯನ್ನು ನೋಡುತ್ತ ಕೂತಳು.

ಮರುದಿನ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಅವಳು ನನ್ನನ್ನು ಮೂಲೆಗೆ ಕರೆದಳು. ಜಪಮಣಿ ಇಡುವ ಚಿಕ್ಕ ಬಟ್ಟೆಯ ಚೀಲವನ್ನು ತೆರೆದು ತೋರಿಸಿದಳು. ಮಣಿಗಳ ನಡುವೆ ಕಾಗದದ ಐದು ಚೂರುಗಳಿದ್ದವು.

"ಮೇಜಿನ ಕೆಳಗೆ ಬಿದ್ದಿತ್ತು. ಕಾಲಿಗೆ ಸಿಗುತ್ತಲ್ಲಾ ಅಂತ ಎತ್ತಿಟ್ಟೆ. ಮೊದಲ ದಿನ ಎರಡು, ನಿನ್ನೆ ಮೂರು."

ಯೆಸ್ ಏರಿದ್ದೂ ಹಾಗೆಯೇ, ಎರಡು, ಆಮೇಲೆ ಮೂರು.

ಗೋಡೆಯ ಹತ್ತಿರ, ಮತದಾರರು ಅಭ್ಯಾಸಕ್ಕೆ ಅರ್ಧಂಬರ್ಧ ಚುಚ್ಚಿ ಬಿಟ್ಟಿದ್ದ ಮಾದರಿ ಕಾರ್ಡುಗಳಿದ್ದವು. ಅವಳು ಒಂದನ್ನು ತೆಗೆದು ಎಂದಿನಂತೆ ಬೆಳಕಿಗೆ ಹಿಡಿದಳು. "ನನ್ನ ಹೆಬ್ಬೆರಳು ಎಲ್ಲಿದೆ ನೋಡಿ." ಕಾರ್ಡಿನ ಕೆಳಗಡೆ, ತೋಟದ ಪ್ರಶ್ನೆಗೆ ಯೆಸ್ ಇರುವ ಜಾಗದ ಮೇಲೆಯೇ ಇತ್ತು. ಅವಳು ಒತ್ತಿದ್ದು ನನಗೆ ಕಾಣಲಿಲ್ಲ. ಕೈ ತೆಗೆದಾಗ ಬೆರಳ ತುದಿಗೆ ಒಂದು ಚೂರು ಅಂಟಿಕೊಂಡಿತ್ತು.

"ನಾನು ಒತ್ತಿಲ್ಲ ಭದ್ರಕ್ಕ. ಆದ್ರೆ ಮನೆ ಬೇಕು ಅಂತ ಇದೆಯಲ್ಲ ಒಳಗೆ. ಅದು ಒತ್ತುತ್ತಾ ಇದೆಯಾ?"

"ಹುಚ್ಚಿ! ಜನ ಚುಚ್ಚಿದ್ದಾರೆ, ಚೂರು ಪೂರ್ತಿ ಉದುರಿಲ್ಲ. ನೀನು ಬಾಗಿಲು ತೆಗೆದೆ ಅಷ್ಟೆ."

"ಕೆಲವರು ಚುಚ್ಚೋಕೆ ಹೋಗಿ, ಬೇಡ ಅಂತ ಕೈ ಹಿಂದಕ್ಕೆ ತಗೊಂಡಿರಬಹುದು. ಬಾಗಿಲು ಹಾಕ್ಕೊಂಡು ಕೂತೋರನ್ನ ನಾನು ಹೊರಗೆ ಎಳೆದ ಹಾಗಲ್ವಾ?"

"ಹೇಳಿದ್ರೆ ಎರಡು ದಿನದ ಲೆಕ್ಕ ಎಲ್ಲಾ ಹೊಡೆದು ಹಾಕ್ತಾರೆ. ಮನೆ ಹೋಗುತ್ತೆ ಖತೀಜಾ."

"ಗೊತ್ತು," ಎಂದಳು. ಚೀಲದ ಬಾಯಿ ಬಿಗಿದು, "ಆ ದಿನ ಕೈ ಎತ್ತಿದ್ದೆನಲ್ಲ, ಇದೇ ಕೈ," ಎಂದು ಮೇಲ್ವಿಚಾರಕಿಯ ಕೋಣೆಗೆ ಹೋದಳು.

ಬಿಳಿಯ ಹಾಳೆಯ ಮೇಲೆ ಅವಳು ಆ ಐದು ಚೂರುಗಳನ್ನು ಇಟ್ಟಳು. ಮೇಲ್ವಿಚಾರಕಿ ಅವುಗಳನ್ನು ಮುಟ್ಟಲಿಲ್ಲ, ಉಸಿರಾಡಿದರೆ ಹಾರಿಯಾವೆಂದು ಮುಖವನ್ನೂ ದೂರ ಇಟ್ಟುಕೊಂಡರು. ಯಾವ ಕಾರ್ಡಿನದು, ಯಾವ ಸಾಲಿನದು ಎಂದು ಕೇಳಿದರೆ ಹೇಳಲು ಅವುಗಳ ಮೇಲೆ ಒಂದು ಗುರುತೂ ಇರಲಿಲ್ಲ. ಚೂರುಗಳು ಕೋಣೆಯಿಂದ ಹೊರಗೆ ಹೋಗಿ ಬಂದಿದ್ದವಾದ್ದರಿಂದ ಕೈಯಿಂದ ಎಣಿಸಿದ ಎರಡು ಲೆಕ್ಕಗಳನ್ನೂ ರದ್ದು ಮಾಡಿದರು. ಯಂತ್ರದ ಲೆಕ್ಕವೇ ನಿಂತಿತು. ಯೆಸ್ ನಾಲ್ಕರಿಂದ ಸೋತಿತು. ಪೆಟ್ಟಿಗೆಗೆ ಸೀಲು ಬಿತ್ತು. ಖತೀಜಾಳನ್ನು ಮನೆಗೆ ಕಳಿಸಿದರು. ಮತ್ತೆಂದೂ ಕರೆಯಲಿಲ್ಲ.

ಜನವರಿಯಲ್ಲಿ ಅವರು ಸ್ಯಾನ್ ಹೋಸೆಯ ಎರಡನೇ ಮಹಡಿಯ ಅಪಾರ್ಟ್‌ಮೆಂಟಿಗೆ ಹೋದರು. ದಾವೂದ್ ಅವಳಿಗೆ ಒಂದು ಮಾತೂ ಆಡಲಿಲ್ಲವಂತೆ. ಆಡಿದ್ದರೆ ವಾಸಿಯಾಗಿತ್ತು ಎಂದು ಅವಳು ನನ್ನೊಡನೆ ಹೇಳಿದ್ದುಂಟು. ಫೆಬ್ರವರಿಯಲ್ಲಿ, ಇನ್ನೇನು ಹೂ ಬಿಡುವ ಹೊತ್ತಿಗೆ, ಮರಗಳನ್ನು ಬುಡ ಸಮೇತ ಕಿತ್ತರು.

ಆ ರೈತ ಮಾತ್ರ ಬಿಡಲಿಲ್ಲ. ಫಲಿತಾಂಶ ಬದಲಾಗದಿದ್ದರೂ ಸರಿ, ಕಾರ್ಡುಗಳನ್ನು ಕಣ್ಣಾರೆ ನೋಡಬೇಕೆಂದು ಮತ್ತೆ ಅರ್ಜಿ ಹಾಕಿದ. ಮಾರ್ಚಿನಲ್ಲಿ ಅದೇ ನೆಲಮಾಳಿಗೆಯಲ್ಲಿ ಪೆಟ್ಟಿಗೆ ತೆರೆದರು. ಗೀಟು ಹಾಕಲು ನನ್ನನ್ನು ಕರೆದಿದ್ದರು. ಸೀಲು ಹಾಕಿದ ಹಾಗೆಯೇ ಇತ್ತು. ಈ ಸಲ ಕಾರ್ಡು ಹಿಡಿದವನು ಬೇರೆಯವನು. ಕೈಗವಸು ಹಾಕಿಕೊಂಡು, ಅಂಚುಗಳನ್ನಷ್ಟೇ ಮುಟ್ಟುತ್ತಿದ್ದ.

ಶಾಸನಸಭೆಯ ಸ್ಥಾನಕ್ಕೆ ಮುನ್ನೂರ ತೊಂಬತ್ತೆಂಟು. ತೋಟದ ಪ್ರಶ್ನೆಗೆ ಖಾಲಿ ಹದಿನೈದು.

ಮೂರು ತಿಂಗಳಿಂದ ಯಾರ ಕೈಯೂ ತಾಗಿರಲಿಲ್ಲ. ಕಾರ್ಡುಗಳನ್ನೆಲ್ಲ ಹೊರಗೆ ತೆಗೆದ ಮೇಲೆ ನಾನು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದೆ. ತಳದಲ್ಲಿ ಎರಡು ಚೂರು ಬಿದ್ದಿದ್ದವು.

ಆ ಸಂಜೆ ಅವಳಿಗೆ ಫೋನು ಮಾಡಿದೆ. ಹೇಳಲೋ ಬೇಡವೋ ಎಂದು ಬಹಳ ಹೊತ್ತು ದೀಪದ ಮುಂದೆ ಕೂತು ಯೋಚಿಸಿಯೇ ಮಾಡಿದ್ದು. ಖಾಲಿ ಹದಿನೈದಾದದ್ದನ್ನೂ ತಳದಲ್ಲಿದ್ದ ಎರಡು ಚೂರುಗಳನ್ನೂ ಹೇಳಿದೆ.

"ಯಾವ ಕಡೆಗೆ, ಭದ್ರಕ್ಕ?"

"ಎರಡೂ ಯೆಸ್."

ಹಿಂದೆಲ್ಲೋ ರಮ್ಶಾ ಟಿವಿ ಹಾಕಿದ್ದು ಕೇಳುತ್ತಿತ್ತು.

"ನೆಲಕ್ಕೆ ಬೀಳಲಿಲ್ಲ ತಾನೇ?" ಎಂದು ಕೇಳಿದಳು.

"ಇಲ್ಲ ಕಣಮ್ಮ," ಎಂದೆ.