ನೀರಿಗಿಳಿಯುವ ದಾರಿಯಲ್ಲಿ ಕೂಗಿದ ಹೆಸರು

ನಮ್ಮ ಯಜಮಾನರು ಮಂಜಿನೊಳಗೆ ನೀರಿನ ಕಡೆ ಓಡಿದ್ದು ನನ್ನ ಕೂಗನ್ನು ಕೇಳಿಯೇ. ಇದನ್ನು ಮೊದಲೇ ಒಪ್ಪಿಕೊಂಡು ಉಳಿದದ್ದನ್ನು ಬರೆಯುತ್ತೇನೆ. ಬನಶಂಕರಿಯನ್ನು ಮನೆದೇವರೆಂದು ನಂಬಿದ ನಿಮ್ಮೆದುರು ಇದನ್ನು ಮುಚ್ಚಿಟ್ಟರೆ ತಾಯಿಯ ಉಪಕಾರವನ್ನು ನುಂಗಿದಂತಾದೀತು.

ಯುದ್ಧ ಮುಗಿದ ಮರುವರ್ಷದ ಮಾತು. ನಾವು ಧಾರವಾಡದ ಕಡೆಯವರು, ಪುಣೆಗೆ ಬಂದು ಹತ್ತು ವರ್ಷವಾಗಿತ್ತು. ಯಜಮಾನರು ಖಡಕಿಯ ಕಾರ್ಖಾನೆಯ ಕಚೇರಿಯಲ್ಲಿ ಕ್ಲಾರ್ಕು. ಆ ಬೇಸಿಗೆಯಲ್ಲಿ ಅವರಿಗೆ ನ್ಯುಮೋನಿಯಾ ಆಗಿ ಮೂರು ವಾರ ಆಸ್ಪತ್ರೆಯಲ್ಲಿದ್ದರು. ಬಿಡುವಾಗ ಡಾಕ್ಟರು, ಎದೆ ಇನ್ನೂ ಮೆತ್ತಗಿದೆ, ಮಳೆ ಕಡಿಮೆಯಾದ ಮೇಲೆ ನಾಲ್ಕು ದಿನ ಬೆಟ್ಟದ ಗಾಳಿಯಲ್ಲಿ ನಡೆದಾಡಲಿ, ಆದರೆ ನೆನೆಯಬಾರದು ಎಂದು ಹೇಳಿ ಕಳಿಸಿದರು.

ಗಣಪತಿಯನ್ನು ಕಳಿಸಿದ ಮೇಲೆ ಹೊರಟೆವು. ನಾವಿಬ್ಬರು, ಏಳು ವರ್ಷದ ಮಗಳು ಸುಮಿ, ಅವರ ಕಚೇರಿಯ ಗೆಳೆಯರಾದ ಜೋಶಿಯವರು. ಬೆಳಗಿನ ರೈಲು, ಆಮೇಲೆ ಇದ್ದಿಲ ಗ್ಯಾಸಿನ ಬಸ್ಸು. ಏರಿನಲ್ಲಿ ಎರಡು ಸಲ ನಿಂತು ದಮ್ಮು ತೆಗೆದುಕೊಂಡಿತು. ನನಗೆ ಆ ಬಸ್ಸಿನ ಉಸಿರಿಗಿಂತ ಪಕ್ಕದಲ್ಲಿ ಕುಳಿತವರ ಉಸಿರಿನ ಮೇಲೇ ಲಕ್ಷ್ಯ.

ನಾವು ಹೋದ ಘಟ್ಟದ ಮೇಲಿನ ಕೆರೆ ಸಣ್ಣದಲ್ಲ. ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರು, ಸುತ್ತಲೂ ಗುಡ್ಡ. ದಂಡೆಗುಂಟ ಮೂರು ದಾರಿಗಳಿದ್ದವು. ಮೇಲಿನದು ಗುಡ್ಡದ ನೆತ್ತಿಯ ಕಾಲುದಾರಿ, ಝರಿಯ ಕಡೆ ಹೋಗುವುದು. ನಡುವಿನದು ನೇರಳೆ ಮರದ ಕೆಳಗಿನ ದೇವಿಯ ಗುಡಿಗೆ ಬರುವುದು. ಮೂರನೆಯದು ಅಗಲವಾಗಿ, ಗಾಡಿಯ ಗಾಲಿಯ ಗುರುತು ಇನ್ನೂ ಉಳಿದಿದ್ದ ಹಳೆಯ ದಾರಿ. ಔಷಧ ಚೀಟಿಯ ಹಿಂದೆ ಮೂರನ್ನೂ ಪೆನ್ಸಿಲಿನಿಂದ ಬರೆದುಕೊಂಡಿದ್ದ ಯಜಮಾನರು, ಅಗಲವಾದದ್ದೇ ಒಳ್ಳೆಯ ದಾರಿ ಎಂದು ಅದಕ್ಕೆ ಜೋಡಿಗೆರೆ ಎಳೆದಿದ್ದರು. ಅಗಲ ದಾರಿಯನ್ನು ನಂಬಬೇಡಿರೆಂದು ನಾನು ಓದಿದ ಕಾನ್ವೆಂಟಿನಲ್ಲಿ ಮದರ್ ಬೈಬಲ್ಲಿನಿಂದ ಹೇಳುತ್ತಿದ್ದುದು ಆಗ ನನಗೆ ನೆನಪಾಗಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಗುಡಿಯ ಹತ್ತಿರ ಸುಮಿಯ ಚಪ್ಪಲಿಯ ಪಟ್ಟಿ ಹರಿಯಿತು. ನಾವಿಬ್ಬರೂ ಅಲ್ಲೇ ಕುಳಿತೆವು. ಯಜಮಾನರೂ ಜೋಶಿಯವರೂ ಝರಿ ನೋಡಿ ಬರುತ್ತೇವೆಂದು ಮೇಲಿನ ದಾರಿ ಹಿಡಿದರು. ಗುಡಿಯೆಂದರೆ ಮೂರು ಗೋಡೆ, ಸಿಂಧೂರ ಬಳಿದ ಒಂದು ಕಲ್ಲು. ಹತ್ತಿರದಲ್ಲಿ ಒಬ್ಬ ಮುದುಕಿ ಎಮ್ಮೆ ಕಾಯುತ್ತಿದ್ದಳು.

ಮಂಜು ಬಂದದ್ದು ತಿಳಿಯಲೇ ಇಲ್ಲ. ಮೊದಲು ಆಚೆಯ ಗುಡ್ಡ ಹೋಯಿತು, ಆಮೇಲೆ ನೀರು, ಆಮೇಲೆ ಎಮ್ಮೆಗಳೂ ಹೋಗಿ ಬರೀ ಗಂಟೆಯ ಸಪ್ಪಳ ಉಳಿಯಿತು. ಯಜಮಾನರ ಮಫ್ಲರು ನನ್ನ ಚೀಲದಲ್ಲೇ ಇತ್ತು. ಅದರ ಉಣ್ಣೆ ಆಗಲೇ ತಣ್ಣಗಾಗಿತ್ತು. ಅವರ ಎದೆಯನ್ನು ನೆನೆದು ನನ್ನ ಎದೆ ಹೊಡೆದುಕೊಂಡಿತು. ಅವರನ್ನು ತಿರುಗಿ ಕರೆಯೋಣವೆಂದು ಎದ್ದುನಿಂತು ಗಟ್ಟಿಯಾಗಿ ಎರಡು ಸಲ ಕೂಗಿದೆ: “ಸುಮೀ! ಸುಮೀ!”

ನಮ್ಮ ಮನೆಗಳ ರೀತಿ ನಿಮಗೆ ಗೊತ್ತೇ ಇದೆ. ಹೆಂಡತಿ ಹೆಸರು ಹಿಡಿದರೆ ಗಂಡನ ಆಯುಷ್ಯ ಸವೆಯುತ್ತದೆ ಎನ್ನುತ್ತಾರೆ. ಇಂಗ್ಲಿಷ್ ಓದಿದವಳಾದರೂ ನಾನೂ ಹಾಗೇ ನಡೆದುಕೊಂಡವಳು. ರೇಶನ್ ಅಂಗಡಿಯಲ್ಲಿ ಹೆಸರು ಕೇಳಿದರೆ ಸುಮಿಯ ಮುಖ ನೋಡುತ್ತೇನೆ, ಅವಳು ಹೇಳುತ್ತಾಳೆ. ಮನೆಯಲ್ಲಿ ಅವರು ಬೇಕಾದಾಗ ಅಡಿಗೆಮನೆಯಿಂದ ‘ಸುಮೀ’ ಎನ್ನುತ್ತೇನೆ. ಸುಮಿ ಏಳುವುದಿಲ್ಲ, ಅವರು ಏಳುತ್ತಾರೆ. ಆ ದಿನವೂ ಪಕ್ಕದಲ್ಲೇ ಕುಳಿತು ಜಡೆಯ ರಿಬ್ಬನಿನಿಂದ ಚಪ್ಪಲಿ ಕಟ್ಟುತ್ತಿದ್ದ ಸುಮಿ ತಲೆ ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಜೋಶಿಯವರು ಒಬ್ಬರೇ ಏದುಸಿರು ಬಿಡುತ್ತ ಬಂದರು.

“ಸಿಕ್ಕಳೇನ್ರಿ ವೈನಿ, ಸುಮಿ?”

“ಅಕಿ ಎಲ್ಲಿ ಹೋಗ್ಯಾಳ? ಇಲ್ಲೇ ಇದ್ದಾಳಲ್ರಿ.”

ಜೋಶಿಯವರು ಮಗುವನ್ನು ನೋಡಿ ಬಿಳಿಚಿಕೊಂಡರು. “ಮತ್ತ ನೀವು ಕೂಗಿದ್ರಲ್ಲ? ಹುಡುಗಿ ನೀರಿನ ಕಡೆ ಹೋಗ್ಯಾಳಂತ ತಿಳದು ದೇಸಾಯರು ಆ ಅಗಲ ದಾರಿ ಹಿಡದು ಕೆಳಗ ಓಡಿದ್ರು. ನನ್ನ ಮಾತ ಕೇಳಲಿಲ್ರಿ.”

ಜೋಶಿಯವರು ನಮ್ಮ ಮನೆತನದ ಹೆಸರು ಹಿಡಿದು ‘ದೇಸಾಯರ’ ಎಂದು ಕೂಗಿದರು. ಕೂಗು ಆಚೆಯ ಗುಡ್ಡಕ್ಕೆ ಬಡಿದು ನೀರಿನ ಕಡೆಯಿಂದ ತಿರುಗಿ ಬಂತು. ಸುಮಿ ಹೆದರಿ ‘ಅಪ್ಪಾ’ ಎಂದು ಕಿರುಚಿದಳು. ಅದೂ ನೀರಿನ ಕಡೆಯಿಂದಲೇ, ಯಾವುದೋ ಬೇರೆ ಮಗು ಅಲ್ಲಿಂದ ಕರೆದ ಹಾಗೆ, ತಿರುಗಿ ಬಂತು. ಅವಳ ಬಾಯಿಗೆ ಕೈ ಹಿಡಿದೆ.

ಮುದುಕಿ ಹತ್ತಿರ ಬಂದು ಯಾವ ದಾರಿಯಲ್ಲಿ ಹೋದರೆಂದು ಮರಾಠಿಯಲ್ಲಿ ಕೇಳಿದಳು. ಹೇಳಿದೊಡನೆ ಹಣೆ ಬಡಿದುಕೊಂಡಳು. ಅದು ಅವಳ ಹಳೆಯ ಊರಿನ ಗಾಡಿದಾರಿಯಂತೆ. ಊರು ನೀರಿನ ಕೆಳಗಿದೆ. ದಾರಿ ಮಾತ್ರ ಗಟ್ಟಿಯಾಗಿ, ಸಲೀಸಾಗಿ ನೀರಿನೊಳಗೆ ಇಳಿಯುತ್ತದೆ. ಸೊಂಟದ ಮಟ್ಟದ ನೀರು ಬರುವಲ್ಲಿ, ದಾರಿಯ ಅಂಚಿಗೇ, ಊರಿನ ದೊಡ್ಡ ಬಾವಿ. ಜೋಶಿಯವರು ಹಗ್ಗಕ್ಕೂ ಜನಕ್ಕೂ ಅವಳ ಜನ ಈಗ ಇರುವ ವಾಡಿಯ ಕಡೆ ಓಡಿದರು.

ನಾನು ಗುಡಿಯ ಕಲ್ಲಿನ ಮುಂದೆ ಬಿದ್ದೆ. ಇವಳ ಹೆಸರು ಬೇರೆಯಾದರೂ ಕಾಡಿನಲ್ಲಿ ಕೂತವಳು, ನಮ್ಮ ಬನದವಳೇ ಎಂದುಕೊಂಡೆ. ನೂರೆಂಟು ಪಲ್ಯದ ನೈವೇದ್ಯ ಬೇಡಿಕೊಂಡೆ, ಹಸಿರು ಸೀರೆ ಬೇಡಿಕೊಂಡೆ. ಬಾಯಿ ಹರಕೆ ಹೇಳುತ್ತಿತ್ತು, ಕಿವಿ ಮಾತ್ರ ಕೆಳಗಿನ ನೀರಿನ ಸಪ್ಪಳವನ್ನೇ ಕೇಳುತ್ತಿತ್ತು. ಕೊನೆಗೆ ಇಷ್ಟೇ ಉಳಿಯಿತು: ತಾಯಿ, ನನ್ನ ಬಾಯಿಂದ ಕೆಟ್ಟದ್ದು ನನ್ನ ಬಾಯಿಂದಲೇ ಸರಿಯಾಗಲಿ.

ಮುದುಕಿ ನನ್ನ ಭುಜ ಹಿಡಿದೆತ್ತಿ, ಗಂಡನ ಹೆಸರೇನೆಂದು ಕೇಳಿದಳು. ರೂಢಿಯಂತೆ ನಾನು ಸುಮಿಯ ಮುಖ ನೋಡಿದೆ. ಮುದುಕಿ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

“ಇಲ್ಲಿ ನಿನ್ನ ಅತ್ತಿ ಇಲ್ಲ, ನೆರೆಹೊರೆ ಇಲ್ಲ. ಹೆಸರು ಹೊಟ್ಟೆಯೊಳಗ ಇಟಗೊಂಡು ಯಾರಿಗೆ ಕಾಯ್ತಿ, ಮಗಳ?”

ನಾನು ಕೆರೆಯ ಕಡೆ ತಿರುಗಿ ಕೂಗಿದೆ. “ಗುರುನಾಥಾ!”

ಆ ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ. ಹೇಗೆ ಕರೆಯಬೇಕೆಂದು ಯಾರೂ ಕಲಿಸಿರಲಿಲ್ಲವಾದ್ದರಿಂದ ಹಿಂದೆ ರಾಯರೆಂದಾಗಲಿ ಮುಂದೆ ಶ್ರೀ ಎಂದಾಗಲಿ ಸೇರಿಸದೆ ಬರೀ ಹೆಸರನ್ನೇ ಮೂರು ಸಲ ಕೂಗಿದೆ. ಉತ್ತರ ಬರಲಿಲ್ಲ. ಹೆಸರು ಹಿಡಿದದ್ದಕ್ಕೆ ಆಯುಷ್ಯವೇ ತೀರಿತೇ ಎಂದು ಒಂದು ಗಳಿಗೆ ಹೆದರಿದೆ. ಸುಮಿ ನನ್ನನ್ನೇ ಕಣ್ಣರಳಿಸಿ ನೋಡುತ್ತಿದ್ದಳು.

ಎಷ್ಟು ಹೊತ್ತಾಯಿತೋ. ವಾಡಿಯ ಜನ ಹಗ್ಗ ಹಿಡಿದು ಕೆಳಗಿಳಿದ ಸಪ್ಪಳ ಕೇಳಿತು. ನೀರು ಕಲಕಿದ ಸಪ್ಪಳ. ಆಮೇಲೆ ಜೋಶಿಯವರ ದನಿ: “ಸಿಕ್ಕರ್ರಿ, ವೈನಿ!”

ಯಜಮಾನರು ಸೊಂಟದವರೆಗೆ ನೆನೆದು ಬಂದರು. ಸುಮಿಯನ್ನು ಕಂಡವರೇ ಗುಡಿಯ ಮುಂದೆ ನೆಲಕ್ಕೆ ಕುಸಿದು ಕುಳಿತರು. ನಾನು ಅವರ ಎದೆಗೆ ಮಫ್ಲರು ಸುತ್ತಿದೆ. ಅವರು ನನ್ನ ಕಡೆ ತಿರುಗಿ ಹೇಳಿದರು.

“ಮಂಜಿನ್ಯಾಗ ನೀ ಕೂಗಿದ್ದು ನನಗಂತ ಹೊಳೀಲಿಲ್ಲ. ಸುಮಿ ನೀರಿನ ಕಡಿಂದ ಅಪ್ಪಾ ಅಂದಂಗಾತು. ದಾರಿ ಗಟ್ಟಿ ಇತ್ತು, ಹೊಂಟಬಿಟ್ಟೆ. ಅಷ್ಟರಾಗ ನಮ್ಮವ್ವ ಕರದ್ಲು.”

ನಮ್ಮ ಅತ್ತೆಯವರು ತೀರಿ ಆರು ವರ್ಷವಾಗಿತ್ತು. ಅವರು ಹೋದ ಮೇಲೆ ಯಜಮಾನರನ್ನು ಬರೀ ಹೆಸರಿನಿಂದ ಕರೆಯುವವರು ಈ ಲೋಕದಲ್ಲಿ ಯಾರೂ ಇರಲಿಲ್ಲ. ಚಿಕ್ಕಂದಿನಲ್ಲಿ ಅವ್ವ ಹಾಗೆ ಕರೆದರೆ ಎಲ್ಲಿದ್ದರೂ ಅಲ್ಲೇ ನಿಲ್ಲಬೇಕು, ಇನ್ನೊಂದು ಹೆಜ್ಜೆ ಇಟ್ಟರೆ ಪೆಟ್ಟು ಎಂಬುದು ಮನೆಯ ಕಟ್ಟಳೆಯಾಗಿತ್ತಂತೆ. ಆ ಭಯಕ್ಕೇ ನಿಂತುಬಿಟ್ಟೆ ಎಂದರು. ಹಗ್ಗ ಹಿಡಿದು ಹೋದವರು ಅವರ ಮುಂದೆ ಕೋಲು ಚುಚ್ಚಿ ನೋಡಿದರೆ ಮೂರು ಮಾರು ದೂರದಲ್ಲಿ ಕೋಲು ನೆಲ ಮುಟ್ಟಲಿಲ್ಲ.

ಅಷ್ಟರಲ್ಲಿ ಸುಮಿ, “ಅಜ್ಜಿ ಅಲ್ಲಪ್ಪಾ, ಅವ್ವ ಕರದ್ಲು. ನಿನ್ನ ಹೆಸರ ತಗೊಂಡ್ಲು,” ಎಂದು ಚಾಡಿ ಹೇಳಿದಳು. ಅವರು ನನ್ನ ಕಡೆ ನೋಡಿದರು. ನಾನು ಗುಡಿಯ ಕಲ್ಲಿನ ಕಡೆ ನೋಡಿದೆ.

ಜ್ವರ ಬಂದೀತೆಂದು ಎರಡು ರಾತ್ರಿ ಹಣೆ ಮುಟ್ಟುತ್ತ ಕುಳಿತೆ. ಬರಲಿಲ್ಲ. ಪುಣೆಗೆ ಬಂದ ಮೇಲೆ ಡಾಕ್ಟರು ಎದೆಗೆ ನಳಿಗೆ ಇಟ್ಟು, ಬೆಟ್ಟದ ಗಾಳಿ ಚೆನ್ನಾಗಿ ಹಿಡಿದಿದೆ ಎಂದರು. ನಾವು ಯಾರೂ ಬೇರೆ ಏನೂ ಹೇಳಲಿಲ್ಲ. ಸೀರೆಯನ್ನು ಬಾದಾಮಿಗೆ ಕಳಿಸಿದ್ದೇನೆ. ಬನದ ಹುಣ್ಣಿಮೆಗೆ ಮನೆಯಲ್ಲೇ ಪಲ್ಯಗಳ ನೈವೇದ್ಯ ಮಾಡಿದೆ. ರೇಶನ್ನಿನ ಕಾಲ, ನೂರೆಂಟು ಕೂಡಲಿಲ್ಲ. ತಾಯಿ ಸಿಕ್ಕಷ್ಟನ್ನು ಒಪ್ಪಿಕೊಂಡಿದ್ದಾಳೆಂದು ನಂಬಿದ್ದೇನೆ.

ಹೆಸರು ಹಿಡಿದರೆ ಆಯುಷ್ಯ ಸವೆಯುವುದೋ ಇಲ್ಲವೋ ನಾನು ಹೇಳಲಾರೆ. ಆ ದಿನ ಕೂಗಿದ ದನಿ ಯಾರದೆಂಬುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ. ನನ್ನ ಬಾಯಿ ತೆರೆಸಿದವಳೂ ಆ ತಾಯಿಯೇ, ಅವರ ಕಾಲು ಹಿಡಿದು ನಿಲ್ಲಿಸಿದವಳೂ ಅವಳೇ.

ಈಗಲೂ ಅಡಿಗೆಮನೆಯಿಂದ ಸುಮಿಯನ್ನೇ ಕೂಗುತ್ತೇನೆ, ರೂಢಿ ಹೋಗದು. ಆದರೆ ಶುಕ್ರವಾರ ದೀಪ ಹಚ್ಚಿದ ಮೇಲೆ ಆ ಹೆಸರನ್ನು ತಾಯಿಯೆದುರು ಒಮ್ಮೆ ಬಾಯಿಬಿಟ್ಟು ಹೇಳಿ ಅವಳಿಗೊಪ್ಪಿಸುತ್ತೇನೆ. ಹೊರಗೆ ಪಡಸಾಲೆಯಲ್ಲಿ ಅತ್ತಿತ್ತ ಓಡಾಡುತ್ತಿರುವ ಯಜಮಾನರ ಹೆಜ್ಜೆಯ ಸಪ್ಪಳ ಅಷ್ಟು ಹೊತ್ತು ನಿಲ್ಲುತ್ತದೆ.