ಕೆಂಪಾಗದ ಹುಲ್ಲು

ಮಂಗಳಾ ಹುಲ್ಲನ್ನು ಒಣಗಲು ಬಿಟ್ಟವಳೇ ಅಲ್ಲ. ಅಂತರಸಂತೆಯಾಚೆ ಹಿನ್ನೀರಿನ ದಂಡೆಯ ರೆಸಾರ್ಟಿನಲ್ಲಿ ಅವಳದು ತೋಟದ ಕೆಲಸ, ನನ್ನದು ಅಡುಗೆಮನೆ. ನಮ್ಮಿಬ್ಬರ ಮನೆಯೂ ಒಂದೇ ಕಾಲೋನಿಯಲ್ಲಿ. ಬೇಸಿಗೆಯಲ್ಲಿ ಊರ ದನ ಬರೀ ನೆಲ ನೆಕ್ಕುತ್ತಿದ್ದರೂ ಅಲ್ಲಿನ ಅತಿಥಿಗಳ ಕಾಲಡಿಯ ಹುಲ್ಲು ಮಾತ್ರ ಹಸಿರಾಗೇ ಇರಬೇಕು. ಬೆಳಿಗ್ಗೆ ನೀರು, ಸಂಜೆ ನೀರು, ನಡುವೆ ಗೊಬ್ಬರ. ಒಂದು ಎಸಳು ಹಳದಿಯಾದರೂ ಮ್ಯಾನೇಜರ್ ಸೋಮಶೇಖರ್ ಅವಳನ್ನು ಕರೆಸಿ ಬೆರಳು ಮಾಡಿ ತೋರಿಸುತ್ತಿದ್ದ. ಹೀಗೆ ಹಸಿರು ಉಳಿಸುವುದೊಂದು ಅವಳ ಕೈಗೆ ಅಂಟಿಬಿಟ್ಟಿತ್ತು.

ಅವಳ ಅವ್ವ ನಿಂಗಿ ಹುಟ್ಟಿದ್ದು ಕಾಡೊಳಗಿನ ಹಾಡಿಯಲ್ಲಿ, ಹತ್ತಾರು ಗುಡಿಸಲುಗಳ ನಡುವೆ. ಅರಣ್ಯ ಇಲಾಖೆಯವರು ಅಲ್ಲಿಂದ ಎಬ್ಬಿಸಿ ಈ ಕಾಲೋನಿಗೆ ತಂದು ಕೂರಿಸಿ ಬಹಳ ವರ್ಷವಾಯಿತು. ಹೋದ ಬೇಸಿಗೆಯಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವಳು ಜಗಲಿಯ ಚಾಪೆ ಬಿಟ್ಟು ಏಳಲೇ ಇಲ್ಲ. ಮಗ್ಗುಲು ಬದಲಿಸಿದರೂ ಚೀರುತ್ತಿದ್ದಳು. ಇನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು? ಡಾಕ್ಟರೂ ಕೈಚೆಲ್ಲಿದ್ದರು. ಅವಳು ಕೇಳಿದ್ದು ಒಂದೇ.

"ದೀಪಾವಳಿ ಕಳೆದ್ಮೇಲೆ ನಮ್ಮಾಡಿ ಗುಡ್ಡದ ಉಲ್ಲು ಕೆಂಪಾಯ್ತದಲ್ಲ ಮಗಾ, ಅದ ಇನ್ನೊಂದ್ಸಲ ನೋಡ್ಬೇಕು."

"ಅದಕ್ಯಾಕವ್ವ ಯೋಚ್ನೆ? ಇಲ್ಲೇ ಬೆಳುಸ್ತೀನಿ ಬುಡು."

ಕಾಡಂಚಿನ ರಸ್ತೆಬದಿಯಲ್ಲಿ ಅದೇ ಹುಲ್ಲಿತ್ತು. ಮುಂಗಾರು ಹಿಡಿಯುತ್ತಲೇ ಮಂಗಳಾ ಬುಡಸಮೇತ ಕಿತ್ತು ತಂದು ಜಗಲಿಯ ಎದುರಿಗೆ ನೆಟ್ಟಳು. ಅವ್ವನಿಗೆ ಮಲಗಿದಲ್ಲಿಂದಲೇ ಕಾಣಬೇಕಲ್ಲ. ಕೊಟ್ಟಿಗೆ ಗೊಬ್ಬರ ಹಾಕಿದಳು. ಮಳೆ ಕೊಂಚ ಬಿಡುವು ಕೊಟ್ಟರೆ ಕೊಳಾಯಿಯಿಂದ ಬಿಂದಿಗೆ ಹೊತ್ತಳು. "ಕಾಡುಲ್ಗೆ ನೀರಾಕೋಳ ಇವತ್ತೇ ಕಂಡೆ ಕಣೆ" ಎಂದು ಪಕ್ಕದ ಮನೆ ಕುಳ್ಳಮ್ಮ ರೇಗಿಸಿದಳು. ಮಂಗಳಾ ನಕ್ಕು ಇನ್ನೊಂದು ಬಿಂದಿಗೆ ತಂದಳು.

ದೀಪಾವಳಿ ಕಳೆಯಿತು. ರಸ್ತೆಬದಿಯ ಹುಲ್ಲು ಬೆಳಗಿದ ತಾಮ್ರದ ಚೊಂಬಿನ ಹಾಗೆ ಕೆಂಪಾಯಿತು. ಮಂಗಳಾಳ ಅಂಗಳದ್ದು ಎದೆಯೆತ್ತರ ಬೆಳೆದು, ಕೊಬ್ಬಿ, ತನ್ನ ಭಾರಕ್ಕೆ ತಾನೇ ಅಡ್ಡಬಿದ್ದು, ಹಚ್ಚಹಸಿರಾಗಿತ್ತು. ಒಣಗಿದರಷ್ಟೇ ಈ ಹುಲ್ಲು ಕೆಂಪಾಗುವುದೆಂದು ಆಗ ಅವಳಿಗೆ ಹೊಳೆಯಿತು; ನೀರು ನಿಲ್ಲಿಸಿದಳು. ಏನು ಬಂತು? ಅಷ್ಟು ದಿನ ಕುಡಿದ ನೆಲ ಒಣಗುವಂತಿರಲಿಲ್ಲ. ನನಗೆ ಸಿಟ್ಟು ಬಂದಿದ್ದು ಅವಳ ಮೇಲಲ್ಲ, ಆ ಹಾಳು ರೆಸಾರ್ಟಿನ ಲಾನಿನ ಮೇಲೆ.

ನಿಂಗಿ ದಿನಾ ಕಣ್ಣು ಬಿಟ್ಟೊಡನೆ ಅಂಗಳ ನೋಡುವಳು. "ನಾಳಿಕ್ಕೆ ಆಯ್ತದೆ ಬುಡವ್ವ" ಎನ್ನುವಳು ಮಗಳು. ಅಷ್ಟರಲ್ಲಿ ಮುದುಕಿ ಊಟ ಬಿಟ್ಟಳು.

ಒಂದು ಸಂಜೆ ಮಂಗಳಾ ಕುಡುಗೋಲು ಹಿಡಿದು ರಸ್ತೆಬದಿಗೆ ಓಡಿದಳು. ತೋಳು ತುಂಬ ಕೆಂಪು ಹುಲ್ಲು ಕೊಯ್ದು ತಂದು ಅವ್ವನ ಪಕ್ಕ ಹರಡಿದಳು. ಗಂಜಿ ಕೊಡಲು ಹೋದ ನಾನು ಕಂಬಕ್ಕೊರಗಿ ನಿಂತೆ. ನಿಂಗಿ ಒಂದು ಕಡ್ಡಿ ಹಿಡಿದು ಮೂಸಿದಳು. ಮುಖ ಅರಳಿತು. ಆಮೇಲೆ ಕೊಯ್ದ ತುದಿ ಬೆರಳಿಗೆ ತಾಗಿತು.

"ಕುಯ್ಕಂಡ್ ಬಂದ್ಬುಟ್ಟಾ?"

"ಊಂ ಕಣವ್ವ. ನೋಡು, ಎಂಗೆ ಕೆಂಪಗದೆ!"

"ನಿಂತಿರದ ನೋಡ್ಬೇಕಾಗಿತ್ತು ಮಗಾ. ಗಾಳಿ ಬಂದ್ರೆ ಗುಡ್ಡಕ್ಕೆ ಗುಡ್ಡವೇ ನಡ್ದಂಗೆ ಕಾಣೋದು."

ಮಂಗಳಾ ಧಡಕ್ಕನೆ ಎದ್ದು ಅಂಗಳಕ್ಕಿಳಿದು ಹಸಿರು ಹುಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗತೊಡಗಿದಳು. ಬೇರು ಆಳಕ್ಕಿಳಿದಿತ್ತು, ಬರಲಿಲ್ಲ. ಅವಳು ಅಳುತ್ತಿದ್ದಳು.

"ಕೀಳ್ಬ್ಯಾಡ ಬುಡು," ಅಂದಳು ನಿಂಗಿ. "ಚೆಂದಾಗೇ ಸಾಕಿದ್ದೀಯ."

ಹಾಗೆಂದವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಮಗಳು ಎಷ್ಟು ಕರೆದರೂ ಮತ್ತೆ ಅಂಗಳದ ಕಡೆ ನೋಡಲಿಲ್ಲ.